ಹಾಳೆಯ ಮೂಲೆಯಿಂದ ಶುರುವಾಗುವ ಲೆಕ್ಕ: ಅಲ್ಟ್ರಾ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಗೆ ವೈಡ್ ಲೆನ್ಸ್

ಫಿಲ್ಮ್ ಹಾಳೆ 8×10 ಇಂಚು ದಾಟಿದ ಮೇಲೆ (ಅಲ್ಟ್ರಾ ಲಾರ್ಜ್ ಫಾರ್ಮ್ಯಾಟ್ ಎಂದರೆ ಇದೇ) ವೈಡ್ ಲೆನ್ಸ್ ಹುಡುಕುವವರು ಫೋಕಲ್ ಲೆಂಗ್ತ್ ಹಿಡಿದು ಹೊರಡುತ್ತಾರೆ. ಅದಕ್ಕೂ ಮೊದಲು ಹಾಳೆಯ ಕರ್ಣ ಅಳೆದುಕೊಳ್ಳಿ. 11×14ರ ಕರ್ಣ 452 ಮಿ.ಮೀ., 7×17ಕ್ಕೆ 467, 8×20ಕ್ಕೆ 547, 12×20ಕ್ಕೆ 592, 20×24ಕ್ಕೆ 794. ಲೆನ್ಸ್ ಬೀರುವ ಬೆಳಕಿನ ವೃತ್ತ, ಅಂದರೆ ಇಮೇಜ್ ಸರ್ಕಲ್, ಇಷ್ಟಾದರೂ ಇರಲೇಬೇಕು. ಲೆನ್ಸನ್ನು ಮೇಲಕ್ಕೆ ಏರಿಸುವ ರೈಸ್, ಪಕ್ಕಕ್ಕೆ ಸರಿಸುವ ಶಿಫ್ಟ್ ಬೇಕೆಂದರೆ ಇನ್ನೂ ಹೆಚ್ಚು.

ಫೋಕಲ್ ಲೆಂಗ್ತ್ ಉದ್ದವಿದ್ದರೆ ವೃತ್ತವೂ ದೊಡ್ಡದಿರುತ್ತದೆ ಎಂದು ನಂಬಿ ಕೈಸುಟ್ಟುಕೊಳ್ಳುವುದು ತೀರಾ ಸುಲಭ. ಅಪೊ-ರೋನಾರ್, ಆರ್ಟಾರ್ ಜಾತಿಯ ಲೆನ್ಸ್‌ಗಳಲ್ಲಿ ನಾಲ್ಕು ಗಾಜು ಬಿಡಿಬಿಡಿಯಾಗಿ ಕೂತಿರುತ್ತವೆ. ಅವುಗಳ ಕೋನ ಕಿರಿದು. 48 ಡಿಗ್ರಿ ಹಿಡಿದರೂ 480 ಮಿ.ಮೀ. ಲೆನ್ಸ್ ಅನಂತ ದೂರಕ್ಕೆ ಫೋಕಸ್ ಆದಾಗ ಕೊಡುವ ವೃತ್ತ 427 ಮಿ.ಮೀ. ಮಾತ್ರ, 11×14ಕ್ಕೇ ಸಾಲದು. ಅದೇ ಶ್ನೈಡರ್ ಸೂಪರ್-ಸಿಮ್ಮಾರ್ ಎಕ್ಸ್‌ಎಲ್ 210 ಮಿ.ಮೀ. ಆಗಿದ್ದೂ ಎಫ್/22ರಲ್ಲಿ 500 ಮಿ.ಮೀ. ವೃತ್ತ ಕೊಡುತ್ತದೆ. ವೃತ್ತದ ವ್ಯಾಸ ಬೇಕಾದರೆ, ಕೋನದ ಅರ್ಧದ ಟ್ಯಾಂಜೆಂಟನ್ನು ಫೋಕಲ್ ಲೆಂಗ್ತಿನ ಎರಡರಷ್ಟಕ್ಕೆ ಗುಣಿಸಿ. 80 ಡಿಗ್ರಿಯ ಲೆನ್ಸಿಗೆ ಅದು ಫೋಕಲ್ ಲೆಂಗ್ತಿನ 1.68 ಪಟ್ಟು, 100 ಡಿಗ್ರಿಗೆ 2.38 ಪಟ್ಟು.

ಇನ್ನೊಂದು ಬಲೆ, ಮುದ್ರಣಾಲಯಗಳಲ್ಲಿ ಚಿತ್ರದ ನಕಲು ತೆಗೆಯಲು ಮಾಡಿದ ಹಳೆಯ ಪ್ರೋಸೆಸ್ ಲೆನ್ಸ್‌ಗಳ ಪಟ್ಟಿಗಳಲ್ಲಿದೆ. ಅಲ್ಲಿ ವೃತ್ತವನ್ನು ಹೆಚ್ಚಾಗಿ 1:1 ಅಳತೆಯಲ್ಲಿ, ಅಂದರೆ ಬಿಂಬ ವಸ್ತುವಿನಷ್ಟೇ ದೊಡ್ಡದಿರುವಾಗಿನ ಲೆಕ್ಕದಲ್ಲಿ, ಕೊಟ್ಟಿರುತ್ತಾರೆ. ಭೂದೃಶ್ಯಕ್ಕೆ ಫೋಕಸ್ ಮಾಡಿದಾಗ ಅದು ಅರ್ಧಕ್ಕೆ ಇಳಿಯುತ್ತದೆ. ಸಂಖ್ಯೆ ಕಂಡ ಕೂಡಲೇ ಯಾವ ದೂರಕ್ಕೆ, ಯಾವ ಅಪರ್ಚರಿಗೆ ಎಂದು ಕೇಳಿಕೊಳ್ಳಬೇಕು.

ಎಷ್ಟು ವೈಡ್ ಬೇಕು? ಉದ್ದನೆಯ ಅಂಚನ್ನು ಲೆಕ್ಕಕ್ಕೆ ಹಿಡಿದರೆ 20 ಇಂಚಿನ ಹಾಳೆಗೆ 305 ಮಿ.ಮೀ. ಲೆನ್ಸ್ ಸುಮಾರು 80 ಡಿಗ್ರಿ ಅಗಲ ನೋಡುತ್ತದೆ, 355 ಸುಮಾರು 71, 450 ಸುಮಾರು 59. 35 ಮಿ.ಮೀ. ಕ್ಯಾಮೆರಾದ ರೂಢಿಯಲ್ಲಿ ಹೇಳುವುದಾದರೆ ಇವು ಹೆಚ್ಚುಕಡಿಮೆ 22, 25, 32. 12×20ಕ್ಕೆ ಮೊದಲ ವೈಡ್ ಕೊಳ್ಳುವವರು 355ರಲ್ಲೇ ನಿಲ್ಲುವುದು ಒಳ್ಳೆಯದು. 305ಕ್ಕೆ ಇಳಿದರೆ ಮೂಲೆಯ ಕಿರಣ ಅಕ್ಷದಿಂದ 44 ಡಿಗ್ರಿ ಓರೆಯಾಗಿ ಬೀಳುತ್ತದೆ. ಆ ಕೋನದಲ್ಲಿ ಗುಂಡಗಿನ ವಸ್ತು ಹೊರಮುಖವಾಗಿ 1.4 ಪಟ್ಟು ಎಳೆದಂತೆ ಕಾಣುತ್ತದೆ. ಬಂಡೆಗೆ ತೊಂದರೆಯಿಲ್ಲ, ಮನುಷ್ಯರ ಮುಖಕ್ಕೆ ಇದೆ.

ಬೆಳಕಿನ ಲೆಕ್ಕವೂ ಇಲ್ಲೇ ಬರುತ್ತದೆ. ಸಮ್ಮಿತ ರಚನೆಯ ಸಾದಾ ಲೆನ್ಸಿನಲ್ಲಿ ಮೂಲೆಯ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಕುಗ್ಗುತ್ತದೆ. 12×20ರ ಮೂಲೆಯಲ್ಲಿ 355 ಮಿ.ಮೀ. ಲೆನ್ಸ್ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಕಳೆದರೆ 305 ಸುಮಾರು 1.9 ಸ್ಟಾಪ್ ಕಳೆಯುತ್ತದೆ. ಅಪರ್ಚರ್ ಎಷ್ಟೇ ಮುಚ್ಚಿದರೂ ಇದು ಹೋಗದು. ಮುಚ್ಚಿದರೆ ಹೋಗುವುದು ಲೆನ್ಸಿನ ಕೊಳವೆಯ ಅಂಚು ಬೆಳಕನ್ನು ತಡೆಯುವುದರಿಂದ ಬಂದ ಕತ್ತಲೆ. ಇವೆರಡನ್ನೂ ಒಂದೇ ಎಂದುಕೊಂಡರೆ ಲೆನ್ಸಿನ ಬಗ್ಗೆ ತಪ್ಪು ತೀರ್ಪು ಕೊಟ್ಟುಬಿಡುತ್ತೇವೆ. ಸೂಪರ್-ಆಂಗುಲಾನ್ ಬಗೆಯ ಲೆನ್ಸ್‌ಗಳಲ್ಲಿ ಓರೆಯಿಂದ ನೋಡಿದಾಗ ಅಪರ್ಚರ್ ಹಿಗ್ಗಿ ಕಾಣುವಂಥ ರಚನೆಯಿದೆ; ಹಾಗಾಗಿ ಮೂಲೆಯ ನಷ್ಟ ಕೊಂಚ ಕಡಿಮೆ. ಬದಲಿಗೆ ತೂಕ ವಿಪರೀತ. 210 ಎಫ್/8 ಸೂಪರ್-ಆಂಗುಲಾನ್ ಹೊತ್ತರೆ ಹಳೆಯ ಮರದ ಕ್ಯಾಮೆರಾದ ಮುಂಭಾಗ ಬಾಗಬಹುದು. ಹಿಂದಿನ ಗಾಜಿನ ಗುಂಪು ಲೆನ್ಸ್ ಬೋರ್ಡಿನ ಹಿಂದಿರುವ ಕಿಂಡಿಯೊಳಗೆ ತೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ.

ನೆಗೆಟಿವನ್ನು ಹಿಗ್ಗಿಸದೆ ಕಾಗದಕ್ಕೆ ಒತ್ತಿ ಕಾಂಟ್ಯಾಕ್ಟ್ ಪ್ರಿಂಟ್ ಮಾಡುವವರಿಗೆ ಹಗುರವಾದ ದಾರಿಗಳಿವೆ. ನನ್ನ ಒಲವು ಶ್ನೈಡರ್ ಕಂಪನಿಯ ಪ್ರೋಸೆಸ್ ಲೆನ್ಸ್ ಜಿ-ಕ್ಲಾರಾನ್ ಕಡೆಗೆ. ಕಂಪನಿ ಕೊಟ್ಟ 64 ಡಿಗ್ರಿಯಂತೆ 355ರ ವೃತ್ತ 444 ಮಿ.ಮೀ. ಅಷ್ಟೆ. ಆದರೆ ಅದು ಪ್ರೋಸೆಸ್ ಕೆಲಸದ ಕಟ್ಟುನಿಟ್ಟಿಗೆ ಬರೆದ ಸಂಖ್ಯೆ. ಎಫ್/45ಕ್ಕೆ ಇಳಿಸಿದರೆ 8×20 ಆರಾಮವಾಗಿ ತುಂಬುತ್ತದೆ, 12×20ರ ಮೂಲೆಗೂ ಮುಟ್ಟುತ್ತದೆ. ಅಲ್ಲಿ ರೈಸಿನ ಆಸೆ ಮಾತ್ರ ಬೇಡ. ನಂತರದ ವರ್ಷಗಳ 355ರ ಗಾಜಿನ ಗುಂಪುಗಳು ನೇರವಾಗಿ ಕೊಪಾಲ್ 3 ಶಟರಿಗೆ, 240, 270 ಮತ್ತು 305ರವು ಕೊಪಾಲ್ 1ಕ್ಕೆ ತಿರುಗಿ ಕೂರುತ್ತವೆ. ಬೋರ್ಡಿನ ತೂತು ಕ್ರಮವಾಗಿ 65 ಮತ್ತು 41.6 ಮಿ.ಮೀ. ಶಟರ್ ಬದಲಿಸಿದರೆ ಅಪರ್ಚರ್ ಪಟ್ಟಿಯನ್ನೂ ಹೊಸದಾಗಿ ಗುರುತು ಹಾಕಬೇಕು, ಇಲ್ಲವಾದರೆ ಪ್ರತಿ ಎಕ್ಸ್‌ಪೋಶರೂ ತಪ್ಪುತ್ತದೆ.

ಗೋರ್ಜ್ ಡಾಗೋರ್ 1892ರ ರಚನೆ, ಈಗಲೂ ದಂಡವಲ್ಲ. ಮೂರು ಮೂರು ಗಾಜು ಅಂಟಿಸಿದ ಎರಡೇ ಗುಂಪು. ಗಾಳಿಗೆ ಒಡ್ಡಿದ ಮೇಲ್ಮೈ ನಾಲ್ಕೇ ಇರುವುದರಿಂದ ಕೋಟಿಂಗ್ ಇಲ್ಲದಿದ್ದರೂ ಫ್ಲೇರ್ ಕಡಿಮೆ. ಅಪರ್ಚರ್ ಮುಚ್ಚಿದಂತೆ ಫೋಕಸ್ ಸರಿಯುವುದು ಇದರ ದೋಷ. ಎಫ್/6.8ರಲ್ಲಿ ಫೋಕಸ್ ಮಾಡಿ ಎಫ್/45ಕ್ಕೆ ಹೋಗಬೇಡಿ. ಎಫ್/16ಕ್ಕೋ 22ಕ್ಕೋ ಇಳಿಸಿ, ಲೂಪ್ (ಭೂತಗನ್ನಡಿ) ಇಟ್ಟು ಇನ್ನೊಮ್ಮೆ ನೋಡಿ. 1900ರ ಹೈಪರ್‌ಗಾನ್ 135 ಡಿಗ್ರಿ ದಾಟುತ್ತದೆ ನಿಜ. ಆದರೆ ಎಫ್/22ರ ಮಂದ ಬಿಂಬದಲ್ಲಿ ಫೋಕಸ್ ಮಾಡಿ, ನಡುವಿನ ಬೆಳಕು ತಗ್ಗಿಸಲು ಗಾಳಿಯಿಂದ ತಿರುಗುವ ನಕ್ಷತ್ರಾಕಾರದ ಚಕ್ರವನ್ನು ನಂಬಿ ಕೂರಬೇಕು. ದಿನದ ಕೆಲಸಕ್ಕೆ ಅದು ಲೆನ್ಸಲ್ಲ.

ಎಫ್/64ರಲ್ಲಿ ಡಿಫ್ರಾಕ್ಷನ್ (ಕಿರಿದಾದ ತೂತು ದಾಟುವಾಗ ಬೆಳಕು ಹರಡುವುದು) ಎಲ್ಲವನ್ನೂ ಮಸುಕು ಮಾಡುತ್ತದೆ ಎಂಬ ಹೆದರಿಕೆ ಸಣ್ಣ ಫಾರ್ಮ್ಯಾಟಿನಿಂದ ಬಂದದ್ದು. ಎಫ್/64ರಲ್ಲೂ ಮಿಲಿಮೀಟರಿಗೆ ಇಪ್ಪತ್ತರಷ್ಟು ಗೆರೆ-ಜೋಡಿ ಉಳಿಯುತ್ತವೆ. ಹಿಗ್ಗಿಸದ ಪ್ರಿಂಟಿನಲ್ಲಿ ಕಣ್ಣು ಕೇಳುವುದು ಐದರಿಂದ ಎಂಟು. ಮಸುಕಿನ ಮಿತಿಯನ್ನು 0.2 ಮಿ.ಮೀ. ಎಂದಿಟ್ಟುಕೊಂಡರೆ 305 ಮಿ.ಮೀ. ಲೆನ್ಸಿಗೆ ಎಫ್/64ರಲ್ಲಿ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಮಾಡಿದರೆ ಅನಂತದವರೆಗೂ ಚುರುಕು) ಸುಮಾರು 7.3 ಮೀಟರ್, ಎಫ್/45ರಲ್ಲಿ 10.3.

ಈಗ ಪರೀಕ್ಷೆ. ಕ್ಯಾಮೆರಾವನ್ನು ದೂರದ ದೃಶ್ಯಕ್ಕೆ ಫೋಕಸ್ ಮಾಡಿ. ಬಿಂಬ ಮೂಡುವ ಹಿಂಭಾಗದ ಮಸುಕು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ, ಕತ್ತರಿಸಿದ ಮೂಲೆಗೆ ಕಣ್ಣಿಟ್ಟು ಲೆನ್ಸಿನತ್ತ ನೋಡಿ. ಅಪರ್ಚರ್ ಬಾದಾಮಿಯಂತೆ ಎರಡೂ ಬದಿ ಚೂಪಾಗಿ ಕಂಡರೆ ಕೊಳವೆ ಅಡ್ಡ ಬರುತ್ತಿದೆ. ಒಂದೊಂದೇ ಸ್ಟಾಪ್ ಇಳಿಸುತ್ತ, ಚೂಪು ಹೋಗಿ ಅಪರ್ಚರಿನ ಅಂಚು ಪೂರ್ತಿ ಕಾಣುವ ಎಫ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಹಾಳೆಗೆ ಆ ಲೆನ್ಸಿನ ಕೆಲಸದ ಅಪರ್ಚರ್ ಅದೇ. ಆಮೇಲೆ ರೈಸ್ ಏರಿಸುತ್ತ ಹೋಗಿ, ಎಲ್ಲಿ ಅಂಚು ತುಂಡಾಗುತ್ತದೋ ಅಲ್ಲಿ ಮಿತಿ. ಗಾಜಿನ ಮೂಲೆ ಕತ್ತರಿಸಿಲ್ಲದಿದ್ದರೆ ಮುಂದಿನಿಂದ ಲೆನ್ಸಿನೊಳಗೆ ನೋಡಿ. ನಾಲ್ಕೂ ಮೂಲೆ ಕಾಣಬೇಕು. ಬೆಳಕು ಮುಟ್ಟಿದ ಮಾತ್ರಕ್ಕೆ ಮೂಲೆ ಚುರುಕಾಗಿದೆ ಎಂದಲ್ಲ, ಲೂಪ್ ಕೂಡ ಒಪ್ಪಬೇಕು.

ರೈಸಿನ ಮಿತಿಯನ್ನು ಕಾಗದದ ಮೇಲೂ ತಿಳಿಯಬಹುದು. 500 ಮಿ.ಮೀ. ವೃತ್ತದಲ್ಲಿ ಅಡ್ಡಲಾಗಿಟ್ಟ 11×14ಕ್ಕೆ ಸಿಗುವುದು ಸುಮಾರು 36 ಮಿ.ಮೀ., 7×17ಕ್ಕೆ 37. ಲೆನ್ಸನ್ನು ಬಗ್ಗಿಸುವ ಟಿಲ್ಟ್ ಇನ್ನೂ ದುಬಾರಿ. 305 ಮಿ.ಮೀ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದು, ನೆಲವನ್ನೆಲ್ಲ ಚುರುಕಾಗಿ ಹಿಡಿಯಲು ಮುಂಭಾಗವನ್ನು 11.7 ಡಿಗ್ರಿ ಬಗ್ಗಿಸಿದರೆ ವೃತ್ತದ ನಡುಬಿಂದು ಫಿಲ್ಮಿನ ಮೇಲೆ 63 ಮಿ.ಮೀ. ಸರಿಯುತ್ತದೆ. ವೃತ್ತ ಬಿಗಿಯಾಗಿದ್ದರೆ ಲೆನ್ಸ್ ಬಿಟ್ಟು ಹಿಂಭಾಗವನ್ನು ವಾಲಿಸಿ. ಮುನ್ನೆಲೆ ಸ್ವಲ್ಪ ದೊಡ್ಡದಾಗಿ ಕಂಡೀತು, ಮೂಲೆಯಂತೂ ಉಳಿಯುತ್ತದೆ.

ಲೆನ್ಸ್ ಸರಿಯಿದ್ದೂ ಮೂಲೆ ಕಪ್ಪಾದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ, ಅಂದರೆ ಬೆಲ್ಲೋಸ್ ನೋಡಿ. ಉದ್ದನೆಯ ಬೆಲ್ಲೋಸನ್ನು 305ಕ್ಕೆ ಒತ್ತಿದಾಗ ಮಡಿಕೆಗಳು ದಪ್ಪಗೆ ಒಟ್ಟಾಗಿ ರೈಸಿಗೆ ಬಗ್ಗುವುದಿಲ್ಲ, ನಡುಭಾಗ ಜೋತು ಬೆಳಕಿಗೆ ಅಡ್ಡ ನಿಲ್ಲುತ್ತದೆ. ಬಿಂಬ ತಲೆಕೆಳಗಾಗಿರುವುದರಿಂದ ಜೋತ ಬೆಲ್ಲೋಸಿನ ನೆರಳು ಪ್ರಿಂಟಿನ ಕೆಳಭಾಗದಲ್ಲಿ, ನೆಲದ ಕಡೆ ಬೀಳುತ್ತದೆ. ಮುಂದಿನ ಕೆಲವು ಮಡಿಕೆಗಳನ್ನು ಲೆನ್ಸ್ ಕಡೆಗೆ ಎಳೆದು ಕ್ಲಿಪ್ ಹಾಕಿ, ನಡುವನ್ನು ದಾರದಿಂದ ಎತ್ತಿ ಕಟ್ಟಿ. ಕ್ಯಾಮೆರಾದ ಮುಂದಿನ ಹಲಗೆ ಚೌಕಟ್ಟಿನೊಳಗೆ ಬರುತ್ತಿದ್ದರೆ ಹಿಂಭಾಗವನ್ನು ಮುಂದಕ್ಕೆ ತಂದು ಫೋಕಸ್ ಮಾಡಿ.

ಉಳಿದ ಮೂಲೆಯ ನಷ್ಟವನ್ನು ಪ್ರಿಂಟಿನಲ್ಲೇ ಸರಿಪಡಿಸಬಹುದು. ನೆಗೆಟಿವಿನ ಮೂಲೆ ತೆಳು, ಆದ್ದರಿಂದ ಪ್ರಿಂಟಿನಲ್ಲಿ ಅದು ಕಪ್ಪಾಗುತ್ತದೆ. ಪ್ರಿಂಟಿಂಗ್ ಫ್ರೇಮಿನ ಗಾಜಿನ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ನಾಲ್ಕು ಮೂಲೆಗೂ ಮೆತ್ತನೆಯ ಪೆನ್ಸಿಲ್ ಪುಡಿಯನ್ನು ಹತ್ತಿಯಿಂದ ಒಳಮುಖವಾಗಿ ತೆಳುವಾಗುವಂತೆ ಉಜ್ಜಿ. ಒಂದೇ ಲೆನ್ಸ್, ಒಂದೇ ಹಾಳೆ, ರೈಸ್ ಇಲ್ಲ ಎಂದಾದರೆ ಅದೇ ಕಾಗದ ಎಲ್ಲ ನೆಗೆಟಿವಿಗೂ ಆಗುತ್ತದೆ. ರೈಸ್ ಬಳಸಿದ್ದರೆ ಕಾಗದವನ್ನೂ ಅಷ್ಟೇ ಸರಿಸಬೇಕು. ಅದಕ್ಕಾಗಿ ಅದನ್ನು ಹಾಳೆಗಿಂತ ಸುತ್ತಲೂ ಎರಡಿಂಚು ದೊಡ್ಡದಾಗಿ ಕತ್ತರಿಸಿ, ಪುಡಿಯನ್ನು ಹೊರ ಅಂಚಿನವರೆಗೂ ಉಜ್ಜಿಟ್ಟುಕೊಳ್ಳಿ.