584 ಮೀಟರ್ ಅಂತರವಿತ್ತು, ಡಿಕ್ಕಿ ಮಾತ್ರ ತಪ್ಪಲಿಲ್ಲ

ಇರಿಡಿಯಂ-33 ಮತ್ತು ಕೆಟ್ಟುನಿಂತ ಕಾಸ್ಮಾಸ್-2251 ಉಪಗ್ರಹಗಳ ನಡುವೆ 584 ಮೀಟರ್ ಅಂತರವಿರುತ್ತದೆ ಅಂತ ಸಾರ್ವಜನಿಕ ಕಕ್ಷಾ ದತ್ತಾಂಶ ಇಟ್ಟುಕೊಂಡು ಲೆಕ್ಕ ಹಾಕಿದ್ದರು. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ ಎರಡೂ ಡಿಕ್ಕಿಯಾಗಿ ಚೂರಾದವು. ಸೂತ್ರದಲ್ಲಿ ತಪ್ಪಿರಲಿಲ್ಲ. ಆ ದತ್ತಾಂಶದಲ್ಲೇ ಕಿಲೋಮೀಟರ್‌ಗಟ್ಟಲೆ ದೋಷ ಇರಬಹುದು.

ಹೆಚ್ಚಿನ ದೋಷ ಇರುವುದು ಸಾಗುವ ದಿಕ್ಕಿನಲ್ಲಿ. ಸೂರ್ಯ ಕೆರಳಿದಾಗ ಮೇಲಿನ ವಾತಾವರಣ ಉಬ್ಬಿ, ಗಾಳಿಯ ಎಳೆತ ಜಾಸ್ತಿಯಾಗುತ್ತದೆ. ವಸ್ತು ಎಷ್ಟು ಎತ್ತರದಲ್ಲಿದೆ ಅಂತ ಚೆನ್ನಾಗಿಯೇ ಗೊತ್ತಿರುತ್ತದೆ. ಆ ಜಾಗಕ್ಕೆ ಯಾವ ಕ್ಷಣಕ್ಕೆ ಬರುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ಬೇರೆ ವಸ್ತು ಒಳಗೆ ಬರುತ್ತದೆಯೇ ಅಂತ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸುತ್ತ ಕಾಯುವ ಕಾಲ್ಪನಿಕ ಡಬ್ಬಿ 50 ಕಿ.ಮೀ. ಉದ್ದ, 50 ಕಿ.ಮೀ. ಅಗಲ, ದಪ್ಪ ಮಾತ್ರ ಕೆಲವೇ ಕಿ.ಮೀ. ಇರುವುದು ಇದಕ್ಕೇ.

ಹಾಗಾಗಿ ಎಚ್ಚರಿಕೆ ಸಂದೇಶ ಬಂದಾಗ ಅಂತರವನ್ನಷ್ಟೇ ನೋಡಿದರೆ ಸಾಲದು. ಎರಡೂ ವಸ್ತುಗಳ ಕೋವೇರಿಯನ್ಸ್, ಅಂದರೆ ಯಾವ ದಿಕ್ಕಿನಲ್ಲಿ ಎಷ್ಟು ಅನಿಶ್ಚಿತತೆ ಅನ್ನುವ ಲೆಕ್ಕವೂ ಬೇಕು. ಅದರಿಂದ ಡಿಕ್ಕಿಯ ಸಂಭವನೀಯತೆ ಸಿಗುತ್ತದೆ. ನಿಲ್ದಾಣದ ಮಟ್ಟಿಗೆ 10,000ಕ್ಕೆ 1 ದಾಟಿದರೆ ಪಕ್ಕಕ್ಕೆ ಸರಿಸುತ್ತಾರೆ. ಇಲ್ಲೊಂದು ಮೋಸವಿದೆ: ರಾಡಾರ್ ಅಳತೆ ತೀರಾ ಕಡಿಮೆಯಿದ್ದರೆ ಅನಿಶ್ಚಿತತೆ ಹಿಗ್ಗಿ, ಸಂಭವನೀಯತೆ ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳುವಾಗುತ್ತದೆ. ಸಣ್ಣ ಸಂಖ್ಯೆ ಕಂಡು ಸಮಾಧಾನಪಡಬಾರದು, ಇನ್ನಷ್ಟು ಅಳತೆ ಕೇಳಬೇಕು.

ಸರಿಸಲು ಇಂಧನ ತುಂಬಾ ಬೇಕಿಲ್ಲ. ಕೆಳಕಕ್ಷೆಯಲ್ಲಿ ಸಾಗುವ ದಿಕ್ಕಿಗೇ ಸೆಕೆಂಡಿಗೆ 1 ಸೆಂ.ಮೀ. ವೇಗ ಕೂಡಿಸಿದರೆ ಅರ್ಧ ಸುತ್ತಿನ ನಂತರ ಎತ್ತರ ಸುಮಾರು 36 ಮೀಟರ್ ಬದಲಾಗುತ್ತದೆ. ಒಂದು ದಿನ ಕಳೆದರೆ ಉಪಗ್ರಹ ತನ್ನ ಹಳೆಯ ಜಾಗಕ್ಕಿಂತ ಸುಮಾರು 2.6 ಕಿ.ಮೀ. ಹಿಂದೆ ಬಿದ್ದಿರುತ್ತದೆ. ವೇಗ ಕೂಡಿಸಿದ್ದಕ್ಕೆ ಹಿಂದೆ ಬೀಳುವುದು ವಿಚಿತ್ರ ಅನ್ನಿಸಬಹುದು, ಆದರೆ ಕಕ್ಷೆ ದೊಡ್ಡದಾದರೆ ಸುತ್ತಲು ಹೆಚ್ಚು ಹೊತ್ತು ಬೇಕಲ್ಲ. ಥ್ರಸ್ಟರ್ ಉರಿಸುವ ಮೊದಲು ಹೊಸ ಕಕ್ಷೆಯನ್ನು ಉಳಿದೆಲ್ಲ ವಸ್ತುಗಳ ಜೊತೆ ತಾಳೆ ನೋಡಲೇಬೇಕು. ಒಂದನ್ನು ತಪ್ಪಿಸಲು ಹೋಗಿ ಇನ್ನೊಂದರ ದಾರಿಗೆ ಬಿದ್ದರೆ ಕೆಲಸ ಕೆಟ್ಟಿತು.

ಚಂದ್ರನ ಸುತ್ತಲೂ ಈ ಪಾಡು ತಪ್ಪಿದ್ದಲ್ಲ. ಚಂದ್ರಯಾನ-2ರ ಆರ್ಬಿಟರ್, ಚಂದ್ರನನ್ನು ಸುತ್ತುವ ನಾಸಾದ ನೌಕೆ ಎಲ್‌ಆರ್‌ಒ ಎರಡದ್ದೂ ಧ್ರುವೀಯ ಕಕ್ಷೆಗಳಾದ್ದರಿಂದ ಧ್ರುವಗಳ ಮೇಲೆ ಹತ್ತಿರ ಬರುತ್ತವೆ. 2021ರ ಅಕ್ಟೋಬರ್ 20ರಂದು ಉತ್ತರ ಧ್ರುವದ ಬಳಿ ಒಟ್ಟು ಅಂತರ ಸುಮಾರು 3 ಕಿ.ಮೀ. ಇದ್ದರೂ, ಎತ್ತರದ ವ್ಯತ್ಯಾಸ 100 ಮೀಟರಿಗಿಂತ ಕಡಿಮೆ ಅಂತ ಲೆಕ್ಕ ಬಂತು. ಇಸ್ರೊ, ನಾಸಾ ಎರಡೂ ಮಾತಾಡಿಕೊಂಡು ನಮ್ಮದನ್ನೇ ಸರಿಸುವುದೆಂದು ಗೊತ್ತುಮಾಡಿದವು. 18ರ ರಾತ್ರಿ 8:22ಕ್ಕೆ ಥ್ರಸ್ಟರ್ ಉರಿಯಿತು. ಆಮೇಲಿನ ಅಳತೆ ಹೊಸ ಕಕ್ಷೆಯನ್ನು ಖಚಿತಪಡಿಸಿತು. ಸದ್ಯಕ್ಕೆ ಎಲ್‌ಆರ್‌ಒ ಹತ್ತಿರ ಬರುವುದಿಲ್ಲ ಅನ್ನುವುದೂ ಗೊತ್ತಾಯಿತು.