ಟಿಕೆಟ್ಟಿನ ಹಿಂದಿನ ನಲವತ್ತು

“ಟಿಕೆಟ್ಟಿನ ಹಿಂದೆ ನಲವತ್ತು ಅಂತ ಬರೆದಿದೆಯಲ್ಲ, ಕಥೆಗೆ ಅಷ್ಟು ಸಾಕು. ಮಿಕ್ಕಿದ್ದೆಲ್ಲ ನಿನ್ನದು ಕಣಪ್ಪ, ಕಥೆಯದ್ದಲ್ಲ.”

ಕಳೆದ ಭಾನುವಾರ ಮೇಷ್ಟ್ರು ಹೇಳಿದ ಈ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅಪ್ಪ ತೀರಿಕೊಂಡ ಮೇಲೆ, ಅವರು ಕೊನೆಯದಾಗಿ ತೊಟ್ಟಿದ್ದ ಅಂಗಿಯ ಜೇಬಿನಲ್ಲಿ ಸಿಕ್ಕ ಬಸ್ ಟಿಕೆಟ್ಟನ್ನು ಕುರಿತು ನಾನು ಎರಡು ಸಾವಿರ ಪದಗಳ ಕಥೆ ಬರೆದಿದ್ದೆ. ಚಿಲ್ಲರೆಯಿಲ್ಲದ ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ‘40’ ಎಂದು ಬರೆದು ಸುತ್ತ ಗೆರೆ ಎಳೆದಿದ್ದರು; ಒಂದೊಂದು ರೂಪಾಯಿಗೂ ಲೆಕ್ಕ ಬರೆದಿಡುತ್ತಿದ್ದ ಅಪ್ಪ ಆ ಬಾಕಿಯನ್ನು ಕೇಳದೆ ಇಳಿದುಬಿಟ್ಟಿದ್ದರು. ಇಷ್ಟನ್ನು ಹೇಳುವುದಕ್ಕೆ ನಾನು ಆಸ್ಪತ್ರೆ, ಮಳೆ, ಅಮ್ಮನ ಅಳು, ಅಪ್ಪನೊಡನೆ ಆಡದೆ ಉಳಿದ ಮಾತು ಎಲ್ಲವನ್ನೂ ಎಳೆತಂದಿದ್ದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ಇದನ್ನೇ ಮುನ್ನೂರು ಪದಗಳಲ್ಲಿ ಬರೆದು ತಾ ಎಂದರು. ಅವರು ಎಂದೂ ಹೊಗಳಿದವರಲ್ಲ. ಓದದೆ ಮಾತಾಡಿದವರೂ ಅಲ್ಲ.

ಕಿರುಗತೆಯೆಂದರೆ ಮೊಬೈಲಿನಲ್ಲಿ ಓದುವವರಿಗಾಗಿ ಹುಟ್ಟಿದ ಕುರುಕಲು ತಿಂಡಿ ಎನ್ನುವ ಗೆಳೆಯನೊಬ್ಬ ನನಗಿದ್ದಾನೆ. ಒಳ್ಳೆಯ ಓದುಗ, ಆದರೆ ಈ ವಿಷಯದಲ್ಲಿ ಅವನು ಹೇಳುವುದು ತಪ್ಪು. ಸರ್ವಜ್ಞನ ಮೂರು ಸಾಲುಗಳನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಅಳತೆಯ ಮೇಲೆ ಅನುಮಾನ ಬರಬಾರದು. 1968ರಲ್ಲಿ ನೊಬೆಲ್ ಪಡೆದ ಜಪಾನಿನ ಕವಾಬಾತಾ ‘ಅಂಗೈ ಕಥೆಗಳು’ ಎಂದು ಕರೆದು ನೂರಕ್ಕೂ ಹೆಚ್ಚು ಪುಟ್ಟ ಕಥೆಗಳನ್ನು ಬರೆದರು. ಬದುಕಿನ ಕೊನೆಗಾಲದಲ್ಲಿ ತಮ್ಮದೇ ಪ್ರಸಿದ್ಧ ಕಾದಂಬರಿಯೊಂದನ್ನು ಅಂಥ ಕಥೆಯಾಗಿ ಇಳಿಸಿದರು. ಹಾಗೇಕೆ ಮಾಡಿದರೆಂಬುದು ನನ್ನ ವಾಕ್ಯಗಳನ್ನು ನಾನೇ ಹೊಡೆದುಹಾಕುತ್ತ ಕುಳಿತಾಗ ಸ್ವಲ್ಪ ಅರ್ಥವಾಯಿತು.

ಮೊದಲು ಗುಣವಾಚಕಗಳು ಹೋದವು. ಆಮೇಲೆ ‘ನಾನು’, ‘ಅವರು’ ಹೋದವು. ಕನ್ನಡದ ಕ್ರಿಯಾಪದವೇ ಕರ್ತೃವನ್ನು ಹೊತ್ತು ತರುವುದರಿಂದ ‘ಇಳಿದೆ’ ಎಂದರೆ ಇಳಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಒಂಬೈನೂರು ಪದಗಳಿಗೆ ಬಂದಾಗ ಮಳೆ ನಿಂತಿತು, ಆರುನೂರಕ್ಕೆ ಆಸ್ಪತ್ರೆ ಹೋಯಿತು. ಅಮ್ಮನ ಅಳುವನ್ನು ತೆಗೆಯಲು ಎರಡು ರಾತ್ರಿ ಬೇಕಾಯಿತು. ತೆಗೆದ ಮೇಲೆ, ಆಕೆ ಆ ಅಂಗಿಯನ್ನು ಒಗೆಯದೆಯೇ ಮಡಿಸಿಟ್ಟದ್ದಷ್ಟೇ ಉಳಿಯಿತು. ಮಿಕ್ಕಿದ್ದೆಲ್ಲ ನಿನ್ನದು ಕಣಪ್ಪ. ಕೆಟ್ಟರೆ ಒಂದು ಸಂಜೆ ಕೆಡುತ್ತದೆ, ಅಷ್ಟೇ ಎಂಬ ಧೈರ್ಯದಲ್ಲಿ ಕಂಡಕ್ಟರನ ಕಣ್ಣಿನಿಂದಲೂ ಒಮ್ಮೆ ಬರೆದು ನೋಡಿದೆ. ದೊಡ್ಡ ಕಥೆಯಲ್ಲಿ ಅಂಥ ಪ್ರಯತ್ನಕ್ಕೆ ನಾನು ಎಂದೂ ಕೈಹಾಕಿರಲಿಲ್ಲ. ಗೊತ್ತಿಲ್ಲದ್ದನ್ನು ದೊಡ್ಡ ಕಥೆಯಲ್ಲಿ ಮಾತಿನಿಂದ ಮುಚ್ಚಬಹುದು, ನಾನು ಮುಚ್ಚಿದ್ದೆ ಕೂಡ. ಉಳಿದದ್ದು ಒಂದೇ ವಸ್ತುವಾದಾಗ ಅದನ್ನು ಸರಿಯಾಗಿ ನೋಡದೆ ಗತಿಯಿಲ್ಲ.

ಹಾಗೆಂದೇ ಗುರುವಾರ ರಾತ್ರಿ ಟಿಕೆಟ್ಟನ್ನು ಹೊರತೆಗೆದೆ. ಎರಡು ವರ್ಷದಿಂದ ಅದರ ಬೆನ್ನನ್ನಷ್ಟೇ ನೋಡುತ್ತಿದ್ದೆ. ಮುಂಭಾಗದಲ್ಲಿ ಯಂತ್ರ ಮುದ್ರಿಸಿದ ಅಕ್ಷರಗಳು ಬಹುತೇಕ ಮಾಸಿವೆ. ಬಾಲ್‌ಪೆನ್ನಿನ ನಲವತ್ತು ಮಾತ್ರ ಇನ್ನೂ ನೀಲಿಯಾಗಿದೆ. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಊರುಗಳ ಹೆಸರು ಕಂಡವು. ನನ್ನ ಕಥೆಯಲ್ಲಿ ಅಪ್ಪ ಬೀರೂರಿನ ಅತ್ತೆಯ ಮನೆಗೆ ಹೊರಟಿದ್ದರು. ಟಿಕೆಟ್ಟಿನಲ್ಲಿದ್ದದ್ದು ಕಡೂರು, ಶಿವಮೊಗ್ಗ.

ಕೆಲಸ ಸಿಕ್ಕಿ ನಾನು ಶಿವಮೊಗ್ಗದಲ್ಲಿ ಮನೆ ಮಾಡಿ ಆಗ ನಾಲ್ಕು ವರ್ಷವಾಗಿತ್ತು. ಅಪ್ಪ ಒಮ್ಮೆಯೂ ಬಂದಿರಲಿಲ್ಲ.