‘ಕೋವಿಡ್ ಲಸಿಕೆಯಿಂದಲೇ ಹಾರ್ಟ್ ಅಟ್ಯಾಕ್ ಆಗ್ತಿರೋದಂತೆ, ಹೌದಾ?’

ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮುಂದೆ ಏನು ಬರುತ್ತದೆ ಅಂತಲೂ ಗೊತ್ತು. ‘ಹಂಗಲ್ಲ ಸಾರ್, ನಮ್ಮ ಪಕ್ಕದ ಬೀದಿ ಹುಡುಗ, ಮೂವತ್ತೆಂಟೇ ವರ್ಷ, ದಿನಾ ಜಿಮ್ಮಿಗೆ ಹೋಗ್ತಿದ್ದ. ಎರಡೂ ಡೋಸ್ ಹಾಕಿಸ್ಕೊಂಡಿದ್ದ!’ ಈ ಪ್ರಶ್ನೆ ಕೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಉತ್ತರ ಬೇಡ, ಹೂಂಗುಟ್ಟುವವರು ಬೇಕು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಮೈ ಉರಿಯುವುದು ಆ ‘ಎರಡೂ ಡೋಸ್’ ಅನ್ನುವ ಮಾತಿಗೆ. ದೇಶದಲ್ಲಿ ಹಾಕಿದ್ದು 220 ಕೋಟಿ ಡೋಸ್. ವಯಸ್ಕರಲ್ಲಿ ಒಂದೂ ಹಾಕಿಸಿಕೊಳ್ಳದವರನ್ನು ದೀಪ ಹಿಡಿದು ಹುಡುಕಬೇಕು. ಹಾಗಿದ್ದ ಮೇಲೆ ಹಾವು ಕಚ್ಚಿ ಸತ್ತವನೂ ಎರಡು ಡೋಸಿನವನೇ, ಬೈಕಿನಿಂದ ಬಿದ್ದವನೂ ಎರಡು ಡೋಸಿನವನೇ. ಸತ್ತವನನ್ನೊಬ್ಬನನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಬೀದಿಯಲ್ಲಿ, ಅದೇ ವಯಸ್ಸಿನಲ್ಲಿ ಬದುಕಿರುವವರು ಎಷ್ಟು ಡೋಸ್ ಹಾಕಿಸಿಕೊಂಡಿದ್ದರು ಅಂತಲೂ ನೋಡಬೇಕು.

ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿದ್ದು ಅದನ್ನೇ. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ 47 ಆಸ್ಪತ್ರೆಗಳಿಂದ 729 ಸಾವುಗಳನ್ನು ಆಯ್ದರು. ಎಲ್ಲರೂ 18ರಿಂದ 45 ವರ್ಷದವರು, ಗೊತ್ತಿರುವ ಕಾಯಿಲೆ ಇಲ್ಲದವರು, ಕಾರಣ ತಿಳಿಯದೆ ಹಠಾತ್ತನೆ ಹೋದವರು. ಅವರ ನೆರೆಹೊರೆಯಿಂದಲೇ ಅದೇ ವಯಸ್ಸಿನ, ಅದೇ ಲಿಂಗದ 2,916 ಮಂದಿ ಬದುಕಿರುವವರನ್ನು ಎದುರಿಗೆ ಇಟ್ಟು ಹೋಲಿಸಿದರು. ಎರಡು ಡೋಸ್ ಆದವರಲ್ಲಿ ಹಠಾತ್ ಸಾವಿನ ಸಂಭವ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾಯುವ ಮುಂಚಿನ 48 ಗಂಟೆಯೊಳಗೆ ವಿಪರೀತ ಕುಡಿದವರಲ್ಲಿ ಅಥವಾ ಮೈಮುರಿದು ಕಸರತ್ತು ಮಾಡಿದವರಲ್ಲಿ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಕುಡಿತದ ವಿಷಯ ಬಂದರೆ ಮಾತೇ ಬದಲಾಗುತ್ತದೆ.

ಹಾಗಂತ ಲಸಿಕೆ ತೀರ್ಥವೇನಲ್ಲ. ಕೋವಿಶೀಲ್ಡ್‌ನಿಂದ ಬಹಳ ಅಪರೂಪಕ್ಕೆ ಟಿಟಿಎಸ್ ಅನ್ನುವ ತೊಂದರೆ ಆಗುತ್ತಿತ್ತು, ಸಾವೂ ಆಗಿದೆ. ಅದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಜೊತೆಗೇ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ಹೆಪ್ಪುಗಟ್ಟುವುದು ಹೆಚ್ಚಾಗಿ ಮಿದುಳಿನ ಅಥವಾ ಹೊಟ್ಟೆಯ ಅಭಿಧಮನಿಗಳಲ್ಲಿ. ಆಗುವುದಿದ್ದರೆ ಸೂಜಿ ಚುಚ್ಚಿದ ನಾಲ್ಕನೇ ದಿನದಿಂದ ಆರು ವಾರದೊಳಗೆ. 2021ರಲ್ಲಿ ಹಾಕಿಸಿಕೊಂಡದ್ದು 2025ರಲ್ಲಿ ಎದ್ದು ಕೂರುವುದಿಲ್ಲ. ‘ಕಂಪನಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಿದೆ’ ಅಂತ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ ಹೆಸರಲ್ಲಿ 2024ರಲ್ಲಿ ವಾಟ್ಸ್ಆ್ಯಪ್ ತುಂಬಿ ತುಳುಕಿದ್ದು ಇದೇ ಟಿಟಿಎಸ್ ಬಗ್ಗೆ. ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಅದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿದ್ದರು. ಇನ್ನು ಹೃದಯದ ಸ್ನಾಯು ಊದಿಕೊಳ್ಳುವ ಮಯೋಕಾರ್ಡೈಟಿಸ್ ಅಂಟಿಕೊಂಡಿರುವುದು ಮುಖ್ಯವಾಗಿ ಫೈಝರ್, ಮಾಡರ್ನಾ ಲಸಿಕೆಗಳಿಗೆ. ನಮ್ಮ ಅಭಿಯಾನದಲ್ಲಿ ಅವು ಬಳಕೆಯಾಗಲೇ ಇಲ್ಲ.

ನಮ್ಮಲ್ಲಿ ಲಸಿಕೆಯಿಂದಲೇ ಆಯಿತು ಎಂದು ಕೇಂದ್ರದ ಸಮಿತಿ ಮೊದಲು ಒಪ್ಪಿದ ಸಾವು 68 ವರ್ಷದ ಒಬ್ಬರದು. 2021ರ ಮಾರ್ಚ್ 8ರಂದು ಲಸಿಕೆ ಹಾಕಿಸಿಕೊಂಡಿದ್ದರು. ಕಾರಣ ಅನಾಫಿಲಾಕ್ಸಿಸ್, ಅಂದರೆ ತೀವ್ರ ಅಲರ್ಜಿ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕುರ್ಚಿಯಲ್ಲಿ ಕೂರಿಸುತ್ತಿದ್ದದ್ದು ಅದಕ್ಕೇ. ಆ ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿದರೆ ತೊಡೆಯ ಸ್ನಾಯುವಿಗೆ ಅರ್ಧ ಎಂಎಲ್ ಅಡ್ರಿನಲಿನ್ ಕೊಡಲು ನರ್ಸ್ ಪಕ್ಕದಲ್ಲೇ ಇರುತ್ತಿದ್ದರು. ಜನ ಸೆಲ್ಫಿ ತೆಗೆದುಕೊಂಡು ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಅವರೇ ಈಗ ಲಸಿಕೆಯ ಸುರಕ್ಷತೆ ವಿಚಾರಿಸುತ್ತಾರೆ.

2025ರ ಜೂನ್‌ನಲ್ಲಿ ಹಾಸನದಲ್ಲಿ ಸಾಲುಸಾಲಾಗಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂತಲ್ಲ, ಅಲ್ಲಿಂದ ಈ ಪ್ರಶ್ನೆಗೆ ಹೊಸ ಜೀವ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದರು. ಕೇಂದ್ರ ಅಲ್ಲಗಳೆಯಿತು, ಬಯೋಕಾನ್ ಔಷಧ ಕಂಪನಿಯ ಕಿರಣ್ ಮಜುಂದಾರ್ ಷಾ ಆಕ್ಷೇಪಿಸಿದರು, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಆಮೇಲೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿಯ ವರದಿ ಬಂತು. ಲಸಿಕೆಗೂ ಎಳೆಯ ವಯಸ್ಸಿನ ಹೃದ್ರೋಗಕ್ಕೂ ನೇರ ಸಂಬಂಧ ಕಾಣಲಿಲ್ಲ. ಹಾಸನದಲ್ಲಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ.

ಅಂದರೆ ಟಿವಿಯವರು ಎಣಿಸುತ್ತಿದ್ದ ‘ಹಾರ್ಟ್ ಅಟ್ಯಾಕ್’ ಪಟ್ಟಿಯಲ್ಲಿ ಆರಕ್ಕೊಂದು ಹಾರ್ಟ್ ಅಟ್ಯಾಕೇ ಅಲ್ಲ. ಇಲ್ಲಿ ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಆ ಹುಡುಗ ಹಾರ್ಟ್ ಅಟ್ಯಾಕಿನಿಂದಲೇ ಸತ್ತ ಅಂತ ಬರೆದವರು ಯಾರು? ಯಾವ ಕಾಗದದಲ್ಲಿ?

ಆ ಕಾಗದದ ಹೆಸರು ಫಾರಂ 4. ಆಸ್ಪತ್ರೆಯಲ್ಲಿ ಸತ್ತರೆ 4, ಮನೆಯಲ್ಲಿ ಸತ್ತರೆ ಕೊನೆಗೆ ನೋಡಿದ ವೈದ್ಯರು ತುಂಬುವ 4ಎ. ಮೊದಲ ಭಾಗದಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಎ ತಕ್ಷಣದ ಕಾರಣ, ಬಿ ಅದಕ್ಕೆ ದಾರಿ ಮಾಡಿದ್ದು, ಸಿ ಎಲ್ಲದರ ಮೂಲ. ಎರಡನೇ ಭಾಗದಲ್ಲಿ ಸಕ್ಕರೆ ಕಾಯಿಲೆಯಂಥ ಜೊತೆಗಾರರು. ನೆಟ್ಟಗೆ ತುಂಬಿದರೆ ಎ ಕಾರ್ಡಿಯೋಜೆನಿಕ್ ಶಾಕ್ (ಹೃದಯಕ್ಕೆ ರಕ್ತ ಪಂಪ್ ಮಾಡಲಾಗದ ಸ್ಥಿತಿ), ಬಿ ಹೃದಯಾಘಾತ, ಸಿ ಹೃದಯಕ್ಕೆ ರಕ್ತ ಒಯ್ಯುವ ಕರೊನರಿ ನಾಳದ ಕಾಯಿಲೆ, ಪ್ರತಿಯೊಂದರ ಎದುರು ಎಷ್ಟು ಹೊತ್ತಿನಿಂದ, ಎಷ್ಟು ವರ್ಷದಿಂದ ಅಂತ. ನಡೆಯುವುದೇನು? ಎ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’, ಕೆಳಗೆ ಖಾಲಿ, ಸಹಿ. ಹೃದಯ ನಿಂತಿತು, ಉಸಿರು ನಿಂತಿತು. ನಿಲ್ಲದೆ ಸತ್ತವರು ಯಾರಾದರೂ ಇದ್ದಾರೆಯೇ? ಹಾಗೆ ಬರೆಯಬಾರದೆಂದು ಸೂಚನೆಯಿದ್ದರೂ ಬರೆಯುತ್ತಾರೆ. ಮನೆಯವರು ‘ಹಾರ್ಟ್ ನಿಂತೋಯ್ತಂತೆ’ ಅನ್ನುತ್ತಾರೆ, ಸಂಜೆಗೆ ಅದು ಹಾರ್ಟ್ ಅಟ್ಯಾಕ್, ಮರುದಿನ ಲಸಿಕೆ.

ಇದೂ ಸಿಗುವುದು ಕೆಲವರಿಗೇ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದದ್ದು ಶೇ 22.5ಕ್ಕೆ ಮಾತ್ರ. ಸರ್ಕಾರವನ್ನು ಬೈಯಲೇಬೇಕಿದ್ದರೆ ಬೈಯಲು ಜಾಗ ಇಲ್ಲಿದೆ. 2019ರಲ್ಲಿ ನೋಂದಣಿಯಾದ ಸಾವು 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷಕ್ಕೆ ಇಪ್ಪತ್ತು ಲಕ್ಷ ಹೆಚ್ಚು. ನೋಂದಣಿ ಸುಧಾರಿಸಿದ್ದೂ ಸ್ವಲ್ಪ ಇರಬಹುದು, ಆದರೆ ಆ ವರ್ಷದ ಅಧಿಕೃತ ಕೋವಿಡ್ ಸಾವು ಸುಮಾರು 3.3 ಲಕ್ಷವಷ್ಟೇ. 2021ರ ಅಂಕಿ ಹೊರಬಂದದ್ದು 2025ರ ಮೇನಲ್ಲಿ, ಹಾಸನದ ಗದ್ದಲಕ್ಕೆ ತಿಂಗಳ ಮುಂಚೆ. ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದು ಸರ್ಕಾರದವರು ಮೊದಲು ಹೇಳಿದ್ದರು. ಹೈಕೋರ್ಟ್ ನೇಮಿಸಿದ ಸಮಿತಿ ಎಣಿಸಿದಾಗ 36.

ನಿಮ್ಮ ಮನೆಯವರಲ್ಲೇ ಯಾರದಾದರೂ ಇಂಥ ಸಾವಾದರೆ ಮಾಡಬೇಕಾದ್ದು: ಪುರಸಭೆ ಅಥವಾ ಪಂಚಾಯಿತಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಹುಡುಕಬೇಡಿ, ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಅದರಲ್ಲಿ ಕಾರಣ ಬರೆಯುವಂತಿಲ್ಲ. ಆ ಕಾಯ್ದೆಯ 2023ರ ತಿದ್ದುಪಡಿಯ ನಂತರ ಆಸ್ಪತ್ರೆ ಖಾಸಗಿಯಾಗಲಿ ಸರ್ಕಾರಿಯಾಗಲಿ, ಕಾರಣದ ಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೆ ಕೊಡಲೇಬೇಕು, ದುಡ್ಡು ಕೇಳುವಂತಿಲ್ಲ. ಚಿಕ್ಕ ವಯಸ್ಸಿನ ಹಠಾತ್ ಸಾವಾದರೆ ಮರಣೋತ್ತರ ಪರೀಕ್ಷೆ ಬೇಡ ಅನ್ನಬೇಡಿ, ಹೃದಯದ ತುಣುಕನ್ನು ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ) ಕಳಿಸಲು ಕೇಳಿ. ಫಾರಂ 4 ಕೈಗೆ ಬಂದಾಗ ಬಿ ಮತ್ತು ಸಿ ಸಾಲು ಖಾಲಿ ಇದ್ದರೆ ಸಹಿ ಹಾಕಿದ ವೈದ್ಯರನ್ನು ಅಲ್ಲೇ ವಿಚಾರಿಸಿ, ಆ್ಯಂಬುಲೆನ್ಸ್ ಹೊರಡುವ ಮುಂಚೆ.